ಕಾಡು, ಜೌಗು, ನೀರು: ಬೆಲೆ ಕಟ್ಟುವಾಗ ಲೆಕ್ಕ ಎಲ್ಲಿ ತಪ್ಪುತ್ತದೆ?

ನೈಸರ್ಗಿಕ ಸಂಪತ್ತಿನ ಆರ್ಥಿಕ ಮೌಲ್ಯದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಯಾವ ದೇಶದ ನಾಣ್ಯವಾದರೂ ಲೆಕ್ಕದ ಕ್ರಮ ಒಂದೇ. ಹಾಗಾಗಿ ಉದಾಹರಣೆಗಳಲ್ಲಿ ಹಣವನ್ನು ‘ಘಟಕ’ ಎಂದಷ್ಟೇ ಬರೆದಿದ್ದೇವೆ.

ಪ್ರಶ್ನೆ: 40 ಹೆಕ್ಟೇರ್ ಜೌಗುನೆಲದಲ್ಲಿ 12 ಹೆಕ್ಟೇರ್ ಮುಚ್ಚಿ ಕಟ್ಟಡ ಕಟ್ಟುವ ಪ್ರಸ್ತಾವ ಬಂದಿದೆ. ಆಕ್ಷೇಪಣೆ ಬರೆಯುವ ಗುಂಪಿನಲ್ಲಿ ನಾನೂ ಇದ್ದೇನೆ. ‘ಈ ಜೌಗಿನ ಬೆಲೆ ಎಷ್ಟು?’ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಆ ಪ್ರಶ್ನೆಯನ್ನೇ ತಿದ್ದಿಕೊಳ್ಳಿ. ಇಡೀ ಜೌಗನ್ನು ಯಾರೂ ಮುಚ್ಚುತ್ತಿಲ್ಲ, ಆದ್ದರಿಂದ ಇಡೀ ಜೌಗಿನ ಬೆಲೆಯಿಂದ ನಿಮಗೆ ಉಪಯೋಗವಿಲ್ಲ. ಆ 12 ಹೆಕ್ಟೇರ್ ಹೋದರೆ ಯಾರಿಗೆ ಏನು ತಪ್ಪುತ್ತದೆ, ವರ್ಷಕ್ಕೆ ಎಷ್ಟು ತಪ್ಪುತ್ತದೆ ಎಂಬುದು ನಿಮಗೆ ಬೇಕಾದ ಉತ್ತರ. ಹೋಲಿಸುವಾಗ ‘ಮೊದಲು’ ಮತ್ತು ‘ನಂತರ’ ಎಂದು ಹೋಲಿಸಬೇಡಿ. ‘ಮುಚ್ಚಿದರೆ’ ಮತ್ತು ‘ಮುಚ್ಚದಿದ್ದರೆ’ ಎಂದು ಹೋಲಿಸಿ. ಜೌಗಿನಲ್ಲಿ ಈಗಾಗಲೇ ಹೂಳು ತುಂಬುತ್ತಿದ್ದರೆ, ಮುಚ್ಚದಿದ್ದರೂ ಹತ್ತು ವರ್ಷದಲ್ಲಿ ಅದರ ಸಾಮರ್ಥ್ಯ ಕುಗ್ಗುತ್ತದೆ. ಅದನ್ನು ಕಳೆಯದೆ ಲೆಕ್ಕ ಕೊಟ್ಟರೆ ಎದುರು ಕಡೆಯ ಎಂಜಿನಿಯರ್ ಮೊದಲ ಪುಟದಲ್ಲೇ ನಿಮ್ಮನ್ನು ಹಿಡಿಯುತ್ತಾರೆ.

ಹಣದ ಅಂಕಿಗೆ ಕೈ ಹಾಕುವ ಮುನ್ನ ಭೌತಿಕ ಪ್ರಮಾಣ ಬರೆದಿಟ್ಟುಕೊಳ್ಳಿ: ಎಷ್ಟು ಘನ ಮೀಟರ್ ನೀರು ತಡೆಯುತ್ತದೆ, ಎಷ್ಟು ಕಿಲೋ ಮೀನು ಸಿಗುತ್ತದೆ, ಹರಿದು ಬರುವ ನೈಟ್ರೇಟ್ ಎಷ್ಟು ಕಡಿಮೆಯಾಗುತ್ತದೆ. ಈ ಹೆಜ್ಜೆ ಬಿಟ್ಟ ವರದಿ ನಿಲ್ಲುವುದಿಲ್ಲ.

ಪ್ರವಾಹದ್ದನ್ನೇ ನೋಡೋಣ. ಜೌಗಿನ ಒಟ್ಟು ಆಳ ಇಲ್ಲಿ ಮುಖ್ಯವಲ್ಲ, ಏಕೆಂದರೆ ಆಗಲೇ ನಿಂತಿರುವ ನೀರು ಹೊಸ ನೀರಿಗೆ ಜಾಗ ಕೊಡುವುದಿಲ್ಲ. ಮಳೆಗಾಲದ ಸಾಮಾನ್ಯ ಮಟ್ಟದಿಂದ ಕೋಡಿ ಹರಿಯುವ ಮಟ್ಟದವರೆಗಿನ ಅಂತರ ಅಳೆಯಿರಿ. ಅದು ಸರಾಸರಿ 0.6 ಮೀಟರ್ ಇದ್ದರೆ, 12 ಹೆಕ್ಟೇರ್ ಎಂದರೆ 1,20,000 ಚದರ ಮೀಟರ್, ಹೋಗುವ ಜಾಗ 72,000 ಘನ ಮೀಟರ್. ಈ ಜಾಗವಿಲ್ಲದಿದ್ದರೆ ಕೆಳಗಿನ ಬಡಾವಣೆಯಲ್ಲಿ ನೀರು ಎಷ್ಟು ಏರುತ್ತದೆ, ಹಾನಿ ಎಷ್ಟು ಹೆಚ್ಚುತ್ತದೆ ಎಂದು ಜಲವಿಜ್ಞಾನ ತಿಳಿದವರಿಂದ ಲೆಕ್ಕ ಹಾಕಿಸಿ. ಉತ್ತರ ಹೀಗೆ ಬಂತೆನ್ನಿ: 2 ವರ್ಷಕ್ಕೊಮ್ಮೆ ಬರುವ ನೆರೆಯಲ್ಲಿ ಹೆಚ್ಚುವರಿ ಹಾನಿ 10 ಘಟಕ, 10 ವರ್ಷಕ್ಕೊಮ್ಮೆಯದರಲ್ಲಿ 30, 50 ವರ್ಷಕ್ಕೊಮ್ಮೆಯದರಲ್ಲಿ 40, 100 ವರ್ಷಕ್ಕೊಮ್ಮೆಯದರಲ್ಲಿ 20.

ಇವುಗಳ ಸಂಭವನೀಯತೆ ಕ್ರಮವಾಗಿ 0.5, 0.1, 0.02, 0.01. ಪಕ್ಕಪಕ್ಕದ ಎರಡು ಹಾನಿಗಳ ಸರಾಸರಿಯನ್ನು ಅವುಗಳ ಸಂಭವನೀಯತೆಯ ಅಂತರದಿಂದ ಗುಣಿಸಿ. 0.4 × 20 = 8; 0.08 × 35 = 2.8; 0.01 × 30 = 0.3. ಕೂಡಿದರೆ ವರ್ಷಕ್ಕೆ ಸರಾಸರಿ 11.1 ಘಟಕ. ಅದರಲ್ಲಿ 8 ಬಂದಿರುವುದು ಚಿಕ್ಕಪುಟ್ಟ, ಪದೇ ಪದೇ ಬರುವ ನೆರೆಗಳಿಂದ. ಮಹಾ ನೆರೆ ಬರುವ ಹೊತ್ತಿಗೆ ಜೌಗು ತುಂಬಿಹೋಗಿರುತ್ತದೆ, ಅದು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಡಿಮೆ. ‘ಶತಮಾನದ ನೆರೆಯಿಂದ ಕಾಪಾಡುತ್ತದೆ’ ಎಂದು ಬರೆಯುವ ಹೋರಾಟಗಾರರು ತಮ್ಮ ಅತಿ ದುರ್ಬಲ ವಾದವನ್ನೇ ಮುಂದಿಡುತ್ತಿರುತ್ತಾರೆ. ಪದೇ ಪದೇ ಮನೆಯೊಳಗೆ ಮೊಣಕಾಲುದ್ದ ನೀರು ಬರುವುದು ತಪ್ಪುತ್ತದೆ ಎನ್ನಿ. ಲೆಕ್ಕ ಅದರ ಬೆನ್ನಿಗಿದೆ.

ಇನ್ನೊಂದು ದಾರಿ, ಅಷ್ಟೇ ನೀರು ಹಿಡಿಯುವ ತೊಟ್ಟಿ ಕಟ್ಟಲು ಎಷ್ಟು ಖರ್ಚಾಗುತ್ತದೆ ಎಂದು ನೋಡುವುದು. ಸುಲಭದ ದಾರಿ, ಆದ್ದರಿಂದಲೇ ಅದರ ದುರ್ಬಳಕೆ ಹೆಚ್ಚು. ಮೂರು ಷರತ್ತು ಪೂರೈಸಿದಾಗ ಮಾತ್ರ ಅದು ಸಲ್ಲುತ್ತದೆ: ತೊಟ್ಟಿ ಅದೇ ಪ್ರಮಾಣದ, ಅದೇ ಗುಣದ ಸೇವೆ ಕೊಡಬೇಕು, ಇರುವ ಪರ್ಯಾಯಗಳಲ್ಲಿ ಅದೇ ಅಗ್ಗದ್ದಾಗಿರಬೇಕು, ಜೌಗು ಹೋದರೆ ಜನ ನಿಜಕ್ಕೂ ಆ ಖರ್ಚು ಮಾಡಿ ತೊಟ್ಟಿ ಕಟ್ಟಿಕೊಳ್ಳುವವರಾಗಿರಬೇಕು. ಮೂರನೆಯದನ್ನು ಬಹುತೇಕ ವರದಿಗಳು ಪರೀಕ್ಷಿಸುವುದೇ ಇಲ್ಲ. ತಪ್ಪಿದ ಹಾನಿ, ತೊಟ್ಟಿಯ ಖರ್ಚು, ಎರಡೂ ಒಂದೇ ಸೇವೆಯ ಎರಡು ಅಳತೆ. ಅವನ್ನು ಕೂಡಿಸಬಾರದು.

ಮೀನಿನ ವಿಷಯದಲ್ಲಿ ಮಾರಾಟದ ಮೊತ್ತ ಬರೆಯುವುದು ಸಾಮಾನ್ಯ ತಪ್ಪು. ಬಲೆ, ದೋಣಿ, ಇಂಧನ, ಕೂಲಿ ಕಳೆದು ಉಳಿಯುವುದಷ್ಟೇ ಜೌಗಿನ ಕೊಡುಗೆ. ಮನೆಯವರ ದುಡಿಮೆಗೆ, ಆ ಹೊತ್ತಿನಲ್ಲಿ ಬೇರೆಡೆ ಏನು ಸಂಪಾದಿಸಬಹುದಿತ್ತೋ ಅಷ್ಟನ್ನೇ ಹಾಕಿ. ಯಾರು ಬೇಕಾದರೂ ಇಳಿದು ಹಿಡಿಯಬಹುದಾದ ಕಡೆ, ಲಾಭ ಇರುವವರೆಗೂ ಹೊಸಬರು ಬರುತ್ತಲೇ ಇರುತ್ತಾರೆ. ಕೊನೆಗೆ ನಿವ್ವಳ ಲಾಭ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಆ ಸೊನ್ನೆ ಜೌಗಿಗೆ ಬೆಲೆಯಿಲ್ಲ ಎಂದು ಹೇಳುವುದಿಲ್ಲ, ಮೀನುಗಾರಿಕೆಗೆ ಕಟ್ಟುಪಾಡಿಲ್ಲ ಎಂದು ಹೇಳುತ್ತದೆ. ವರದಿಯಲ್ಲಿ ಇದನ್ನು ಬಿಡಿಸಿ ಬರೆಯಿರಿ.

ಕೊನೆಗೆ ಎರಡೆರಡು ಬಾರಿ ಎಣಿಸಿದ್ದೀರಾ ನೋಡಿ. ಜೌಗು ನೀರನ್ನು ಸೋಸುವುದರಿಂದ ಮೀನು ಹೆಚ್ಚುತ್ತದೆ ಎನ್ನೋಣ. ಮೀನಿನ ಲಾಭ ಬರೆದ ಮೇಲೆ, ಆ ಮೀನಿಗಾಗಿ ಆದ ಸೋಸುವಿಕೆಗೆ ಬೇರೆ ಸಾಲು ಹಾಕುವಂತಿಲ್ಲ. ಅದೇ ನೀರು ಕುಡಿಯಲು ಹೋಗಿ ಶುದ್ಧೀಕರಣದ ಖರ್ಚು ತಗ್ಗಿದ್ದರೆ ಆ ಉಳಿತಾಯ ಮಾತ್ರ ಬೇರೆ ಸಾಲು. ಜನರ ಕೈಗೆ ಕೊನೆಗೆ ಸಿಗುವ ಫಲವನ್ನು ಎಣಿಸಿ. ನಡುವಿನ ಕ್ರಿಯೆಗಳನ್ನು ವಿವರಿಸಿದರೆ ಸಾಕು.

ಪ್ರಶ್ನೆ: ಕಾಡನ್ನು ಇಂದೇ ಕಡಿದು ಹಣವನ್ನು ಬ್ಯಾಂಕಿಗೆ ಹಾಕಿದರೆ ಹೆಚ್ಚು ಲಾಭ ಎಂದು ಲೆಕ್ಕ ತೋರಿಸುತ್ತಾರೆ. ಈ ಲೆಕ್ಕ ಸರಿಯೇ?

ಉತ್ತರ: ಅಂಕಗಣಿತ ಸರಿಯಿರಬಹುದು. ಅದರೊಳಗೆ ಯಾವ ದರ ಕೂತಿದೆ, ಏನು ಬಿಟ್ಟುಹೋಗಿದೆ ಎಂದು ಕೇಳಿ.

50 ವರ್ಷದ ನಂತರ ಸಿಗುವ 100 ಘಟಕದ ಇಂದಿನ ಮೌಲ್ಯ, ವಾರ್ಷಿಕ ಶೇ 1ರ ಡಿಸ್ಕೌಂಟ್ ದರದಲ್ಲಿ (ಮುಂದೆ ಸಿಗುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ) ಸುಮಾರು 61. ಶೇ 3ರಲ್ಲಿ 23. ಶೇ 8ರಲ್ಲಿ 2ಕ್ಕಿಂತ ಸ್ವಲ್ಪ ಹೆಚ್ಚು. ಕಾಡು ಒಂದೇ, ಮರ ಒಂದೇ, ದರ ಮಾತ್ರ ಬದಲು. ಬ್ಯಾಂಕಿನ ಬಡ್ಡಿ ಒಬ್ಬ ಸಾಲಗಾರನ ಆತುರವನ್ನು ಅಳೆಯುತ್ತದೆ. ಇನ್ನೂ ಹುಟ್ಟದವರ ಪಾಲಿನ ನಿರ್ಧಾರಕ್ಕೆ ಅದೇ ದರ ಹಚ್ಚುವುದಕ್ಕೆ ಆಧಾರವಿಲ್ಲ. ಬ್ರಿಟನ್ ಸರ್ಕಾರದ ಯೋಜನಾ ಮೌಲ್ಯಮಾಪನದ ಮಾರ್ಗಸೂಚಿ ಮೊದಲ 30 ವರ್ಷಕ್ಕೆ ಶೇ 3.5, ಅಲ್ಲಿಂದ 75ನೇ ವರ್ಷದವರೆಗೆ ಶೇ 3, ಆಮೇಲೆ ಇನ್ನೂ ಕಡಿಮೆ ಎಂದು ಇಳಿಯುವ ದರವನ್ನು ಇಟ್ಟುಕೊಂಡಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಬ್ರಿಟನ್ ಸರ್ಕಾರಕ್ಕೆ ಕೊಟ್ಟ 2006ರ ವರದಿ ಹವಾಮಾನ ಬದಲಾವಣೆಗೆ ಬಳಸಿದ್ದು ಸುಮಾರು ಶೇ 1.4, ಅದರ ಮೇಲೆ ನಡೆದ ವಾದದ ಬಹುಪಾಲು ಈ ಒಂದು ಅಂಕಿಯ ಸುತ್ತಲೇ ಇತ್ತು. ನೀವು ಲೆಕ್ಕ ಕೊಡುವಾಗ ಕನಿಷ್ಠ ಮೂರು ದರದಲ್ಲಿ ಫಲಿತಾಂಶ ತೋರಿಸಿ. ಯಾವ ದರದಲ್ಲಿ ನಿರ್ಧಾರ ತಿರುಗುತ್ತದೆ ಎಂದೂ ಹೇಳಿ. ಓದುವವರಿಗೆ ಅದೊಂದೇ ಸಾಲು ಎಷ್ಟೋ ಪುಟಕ್ಕಿಂತ ಹೆಚ್ಚು ಉಪಯುಕ್ತ.

ಮರದ ಮೌಲ್ಯವನ್ನೂ ಪೇಟೆಯ ದರದಲ್ಲಿ ಬರೆಯಬೇಡಿ. ಕಡಿತ, ಸಾಗಣೆ, ಗುತ್ತಿಗೆದಾರನ ಸಾಮಾನ್ಯ ಲಾಭ ಕಳೆದ ಮೇಲೆ ಉಳಿಯುವ, ನಿಂತ ಮರದ ಬೆಲೆಯನ್ನು ಹಿಡಿಯಿರಿ. ನೆಲವನ್ನು ಮತ್ತೆ ಮತ್ತೆ ನೆಟ್ಟು ಕಡಿಯುವ ಸರಣಿಯಾಗಿ ಎಣಿಸಬೇಕು ಎಂದು ಜರ್ಮನಿಯ ಅರಣ್ಯತಜ್ಞ ಮಾರ್ಟಿನ್ ಫೌಸ್ಟ್‌ಮನ್ 1849ರಲ್ಲೇ ಒಂದು ಸೂತ್ರದಲ್ಲಿ ತೋರಿಸಿದರು. ನಿಂತ ಕಾಡೂ ಪ್ರತಿ ವರ್ಷ ನೀರು, ನೆರಳು, ಜೇನು ಕೊಡುತ್ತದೆ ಎಂದು ಆ ಸೂತ್ರಕ್ಕೆ ಸೇರಿಸಿದರೆ, ಕಡಿಯುವ ವಯಸ್ಸು ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತದೆ. ಆ ಫಲ ಸಾಕಷ್ಟು ದೊಡ್ಡದಿದ್ದರೆ ‘ಎಂದೂ ಕಡಿಯಬೇಡಿ’ ಎಂಬುದೇ ಉತ್ತರವಾಗಿ ಬರುತ್ತದೆ. ಇದು ಭಾವುಕತೆಯ ಮಾತಲ್ಲ, ಅದೇ ಸಮೀಕರಣದ ಫಲ.

ಇಂಗಾಲದ ಲೆಕ್ಕವೂ ಹೀಗೆಯೇ. ಹೆಕ್ಟೇರಿಗೆ ನೆಲದ ಮೇಲೆ 200 ಟನ್ ಒಣ ಜೀವರಾಶಿ ಇದ್ದರೆ ಅದರಲ್ಲಿ ಇಂಗಾಲ ಸುಮಾರು 0.47 ಪಾಲು, 94 ಟನ್. ಅದನ್ನು 44/12ರಿಂದ ಗುಣಿಸಿದರೆ ಸುಮಾರು 345 ಟನ್ ಇಂಗಾಲದ ಡೈಆಕ್ಸೈಡ್. ಬೇರು, ಮಣ್ಣು ಇದರಲ್ಲಿ ಸೇರಿಲ್ಲ. ಈ 345 ಟನ್ ಒಂದು ದಾಸ್ತಾನು, ಪ್ರತಿ ವರ್ಷ ಸಿಗುವ ಆದಾಯವಲ್ಲ. ಅದನ್ನು ವಾರ್ಷಿಕ ಫಲಗಳ ಪಟ್ಟಿಯಲ್ಲಿ ಹಾಕಿದ ಲೆಕ್ಕಗಳು ಕಾಡಿನ ಮೌಲ್ಯವನ್ನು ಹತ್ತಾರು ಪಟ್ಟು ಉಬ್ಬಿಸುತ್ತವೆ. ವಾರ್ಷಿಕ ಪಟ್ಟಿಗೆ ಹೋಗಬೇಕಾದದ್ದು ಆ ವರ್ಷ ಬೆಳೆದ ಅಥವಾ ನಾಶವಾದ ಪ್ರಮಾಣ ಮಾತ್ರ.

ಪ್ರಶ್ನೆ: ಜಗತ್ತಿನ ಪ್ರಕೃತಿಯ ಬೆಲೆ ಇಷ್ಟು ಲಕ್ಷ ಕೋಟಿ ಡಾಲರ್ ಎಂದು ಆಗಾಗ ಓದುತ್ತೇವೆ. ಅದನ್ನು ನಮ್ಮ ಅರ್ಜಿಯಲ್ಲಿ ಬಳಸಬಹುದೇ?

ಉತ್ತರ: ಬೇಡ. ಆ ಬಗೆಯ ಅಂಕಿಗಳಲ್ಲಿ ಹೆಸರುವಾಸಿಯಾದದ್ದು 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟದ್ದು: ವರ್ಷಕ್ಕೆ 16ರಿಂದ 54 ಲಕ್ಷ ಕೋಟಿ ಡಾಲರ್, ಸರಾಸರಿ 33 ಲಕ್ಷ ಕೋಟಿ. ಆಗ ಇಡೀ ಜಗತ್ತಿನ ರಾಷ್ಟ್ರೀಯ ಉತ್ಪನ್ನಗಳ ಒಟ್ಟು ಮೊತ್ತ ಸುಮಾರು 18 ಲಕ್ಷ ಕೋಟಿ ಎಂದು ಅವರು ಹಿಡಿದಿದ್ದರು. ತೊಡಕು ಅಲ್ಲೇ ಇದೆ. ಜನ ಎಷ್ಟು ಕೊಡಲು ಸಿದ್ಧರು ಎಂಬುದು ಅಳತೆಯಾದರೆ, ಅವರ ಆದಾಯಕ್ಕಿಂತ ಹೆಚ್ಚು ಬರುವುದು ಹೇಗೆ? ಒಂದಿಷ್ಟು ಹೆಕ್ಟೇರ್ ಹೆಚ್ಚುಕಡಿಮೆಯಾದಾಗಿನ ಬೆಲೆಯನ್ನು ಭೂಮಿಯ ಎಲ್ಲ ಹೆಕ್ಟೇರಿಗೂ ಗುಣಿಸಿದಾಗ ಹೀಗಾಗುತ್ತದೆ. ಜೌಗು ಕಡಿಮೆಯಾದಂತೆ ಉಳಿದದ್ದರ ಬೆಲೆ ಏರುತ್ತದೆ. ಕೊನೆಯ ಹೆಕ್ಟೇರಿಗೆ ಮೊದಲ ಹೆಕ್ಟೇರಿನ ಬೆಲೆ ಹಾಕಲಾಗದು. ಜಗತ್ತಿನ ಗಮನ ಸೆಳೆದದ್ದು ಆ ಅಧ್ಯಯನದ ದೊಡ್ಡ ಉಪಕಾರ, ಅದನ್ನು ನಾವು ಗೌರವಿಸುತ್ತೇವೆ. ಆದರೆ ನಿಮ್ಮ 12 ಹೆಕ್ಟೇರಿನ ವಾದಕ್ಕೆ ಅದು ಆಧಾರವಾಗದು.

ಬೇರೆ ಕಡೆಯ ಅಧ್ಯಯನದಿಂದ ಅಂಕಿ ಎರವಲು ತರಲೇಬೇಕಾದರೆ, ಅದು ಯಾವ ವರ್ಷದ ಹಣ, ಹೆಕ್ಟೇರಿಗೋ ಮನೆಗೋ, ವಾರ್ಷಿಕವೋ ಒಟ್ಟೋ ಎಂದು ಮೊದಲು ನೋಡಿ. ಅಲ್ಲಿನ ಆದಾಯ, ಫಲ ಪಡೆಯುವ ಜನಸಂಖ್ಯೆ, ಸುತ್ತ ಅಂಥದೇ ನೆಲ ಎಷ್ಟಿದೆ ಎಂಬುದಕ್ಕೆ ಹೊಂದಿಸಿ. ನಗರದ ಮೇಲ್ಗಡೆಯ ಜೌಗಿನ ಅಂಕಿಯನ್ನು ಕೆಳಗೆ ಯಾರೂ ವಾಸವಿಲ್ಲದ ಜೌಗಿಗೆ ತಂದು ಹಚ್ಚುವುದು ಎಲ್ಲೆಡೆ ಕಾಣುವ ತಪ್ಪು.

ಪ್ರಶ್ನೆ: ಯಾರೂ ಹೋಗದ, ಏನೂ ಮಾರಾಟವಾಗದ ಜಾಗಕ್ಕೂ ಜನ ಬೆಲೆ ಕೊಡುತ್ತಾರೆಂದು ಸಮೀಕ್ಷೆ ಮಾಡಿ ಹೇಳುತ್ತಾರೆ. ‘ಎಷ್ಟು ಕೊಡುತ್ತೀರಿ?’ ಎಂದು ಕೇಳಿದರೆ ಬಾಯಿಗೆ ಬಂದದ್ದು ಹೇಳುವುದಿಲ್ಲವೇ?

ಉತ್ತರ: ಹಾಗೆ ಕೇಳಿದರೆ ಹೇಳುತ್ತಾರೆ. ಕೇಳುವ ಕ್ರಮದಲ್ಲೇ ಎಲ್ಲ ಇದೆ.

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದ ತೀರದಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಹರಿಯಿತು. ಆ ತೀರವನ್ನು ಎಂದೂ ಕಾಣದ ಅಮೆರಿಕನ್ನರಿಗೂ ಅದರಿಂದ ನಷ್ಟವಾಗಿದೆ ಎಂದು ಅಲಾಸ್ಕಾ ರಾಜ್ಯಕ್ಕಾಗಿ ನಡೆದ ಸಮೀಕ್ಷೆ ಸುಮಾರು 280 ಕೋಟಿ ಡಾಲರ್ ಅಂದಾಜು ಕೊಟ್ಟಿತು. ವಿಧಾನದ ಬಗ್ಗೆ ವಾದ ಎದ್ದಾಗ, ನೊಬೆಲ್ ಪುರಸ್ಕೃತರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೊ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 1993ರಲ್ಲಿ ನಿಯಮಗಳನ್ನು ರೂಪಿಸಿತು. ಇಂದಿಗೂ ಅವು ಒಳ್ಳೆಯ ಅಡಿಪಾಯ: ಮುಖಾಮುಖಿ ಕೇಳಿ, ‘ಎಷ್ಟು?’ ಎನ್ನಬೇಡಿ, ‘ಇಷ್ಟು ತೆರಿಗೆ ಬಿದ್ದರೆ ಈ ಯೋಜನೆಗೆ ಮತ ಹಾಕುತ್ತೀರಾ?’ ಎನ್ನಿ, ಆ ಹಣ ಮನೆಯ ಬೇರೆ ಖರ್ಚಿನಿಂದಲೇ ಬರಬೇಕು ಎಂದು ನೆನಪಿಸಿ, ಅಂಥದೇ ಬೇರೆ ಜಾಗಗಳಿವೆ ಎಂದೂ ಹೇಳಿ.

ಲೆಕ್ಕ ಹೇಗೆ? ಮನೆಗಳನ್ನು ಚೀಟಿ ಎತ್ತಿ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಮೊತ್ತ ಕೇಳಿ. 5 ಘಟಕಕ್ಕೆ ಶೇ 80 ಹೌದು ಎಂದರು, 10ಕ್ಕೆ ಶೇ 60, 20ಕ್ಕೆ ಶೇ 35, 40ಕ್ಕೆ ಶೇ 15. 5 ಕೊಟ್ಟು 10 ಕೊಡದವರು ಶೇ 20, ಅವರಿಗೆ 5 ಎಂದೇ ಹಿಡಿಯಿರಿ: 0.20 × 5 = 1. ಮುಂದೆ 0.25 × 10 = 2.5, 0.20 × 20 = 4, 0.15 × 40 = 6. ಮನೆಯೊಂದಕ್ಕೆ ಕನಿಷ್ಠ ಸರಾಸರಿ 13.5 ಘಟಕ. ಅಂಕಿ ಬೇಕೆಂದೇ ಕೆಳಮಟ್ಟದ್ದು, ಆದ್ದರಿಂದ ವಾದದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ 13.5ರಲ್ಲಿ 6 ಬಂದಿರುವುದು ಅತಿ ದೊಡ್ಡ ಮೊತ್ತಕ್ಕೆ ಹೌದು ಎಂದ ಶೇ 15 ಮಂದಿಯಿಂದ. ಆ ಗುಂಪಿನಲ್ಲಿ ಕೆಲವರ ಉತ್ತರ ಬದಲಾದರೂ ಸರಾಸರಿ ಅಲುಗಾಡುತ್ತದೆ. ಮೊದಲೇ ಸಣ್ಣ ಪರೀಕ್ಷಾ ಸಮೀಕ್ಷೆ ಮಾಡಿ, ಬೆರಳೆಣಿಕೆಯ ಜನ ಮಾತ್ರ ಒಪ್ಪುವಷ್ಟು ಮೇಲಿನ ಮೊತ್ತ ಇಡಬೇಕಾದದ್ದು ಇದಕ್ಕೇ.

ಎಡವಟ್ಟಾಗುವ ಜಾಗಗಳು ಕೆಲವಿವೆ. ತೈಲದಿಂದ ಸಾಯುವ ಹಕ್ಕಿಗಳನ್ನು ಉಳಿಸುವ ಬಗ್ಗೆ ನಡೆದ ಒಂದು ಅಮೆರಿಕನ್ ಅಧ್ಯಯನದಲ್ಲಿ 2,000 ಹಕ್ಕಿಗೆ 80 ಡಾಲರ್, 20,000ಕ್ಕೆ 78, 2,00,000ಕ್ಕೆ 88 ಎಂಬ ಉತ್ತರ ಬಂತು. ಜನ ಹಕ್ಕಿಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಆದ್ದರಿಂದ ನಿಮ್ಮ ಮಾದರಿಯ ಅರ್ಧದಷ್ಟು ಜನಕ್ಕೆ ಚಿಕ್ಕ ಯೋಜನೆ, ಉಳಿದರ್ಧಕ್ಕೆ ದೊಡ್ಡ ಯೋಜನೆ ಕೊಟ್ಟು, ಮೊತ್ತ ಬದಲಾಗುತ್ತದೆಯೇ ನೋಡಿ. ಬದಲಾಗದಿದ್ದರೆ ಆ ಸಮೀಕ್ಷೆಯ ಹಣದ ಅಂಕಿಯನ್ನು ಬಿಟ್ಟುಬಿಡಿ. ‘ಇಲ್ಲ’ ಎಂದವರಿಗೆ ಕಾರಣ ಕೇಳಿ: ಕಾಡು ಬೇಡ ಎನ್ನುವವರು ಬೇರೆ, ಹಾಳು ಮಾಡಿದವರೇ ಕೊಡಲಿ ಎನ್ನುವವರು ಬೇರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೊಡುವ ಮನಸ್ಸನ್ನು ಅಳೆಯುವಾಗ ಕೊಡುವ ಶಕ್ತಿಯೂ ಸೇರಿಕೊಳ್ಳುತ್ತದೆ. ಕಾಡನ್ನೇ ನಂಬಿ ಬದುಕುವ ಬಡ ಕುಟುಂಬದ ‘2 ಘಟಕ’, ವಾರಾಂತ್ಯಕ್ಕೆ ಬರುವ ಶ್ರೀಮಂತನ ‘200 ಘಟಕ’ದ ಮುಂದೆ ಕಾಣಿಸುವುದೇ ಇಲ್ಲ. ಯಾರಿಗೆ ಎಷ್ಟು ಹೋಗುತ್ತದೆ ಎಂಬ ವಿಂಗಡಣೆಯಿಲ್ಲದ ಒಟ್ಟು ಮೊತ್ತವನ್ನು ಒಪ್ಪಬೇಡಿ.

ಪ್ರಶ್ನೆ: ಪ್ರವೇಶ ಶುಲ್ಕವೇ ಇಲ್ಲದ ಉದ್ಯಾನಕ್ಕೆ ಮೌಲ್ಯ ಕಟ್ಟುವುದು ಸಾಧ್ಯವೇ?

ಉತ್ತರ: ಸಾಧ್ಯ. ಬರುವವರು ಬಾಗಿಲಲ್ಲಿ ಹಣ ಕೊಡದಿದ್ದರೂ ದಾರಿಯಲ್ಲಿ ಕೊಟ್ಟಿರುತ್ತಾರೆ. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬರೆದ ಪತ್ರದಲ್ಲಿ ಈ ಉಪಾಯ ಸೂಚಿಸಿದರು. ಸುತ್ತಲಿನ ಪ್ರದೇಶವನ್ನು ದೂರದ ಮೇಲೆ ವಲಯ ಮಾಡಿ, ಪ್ರತಿ ವಲಯದ 1,000 ಜನಕ್ಕೆ ಎಷ್ಟು ಭೇಟಿ, ಪ್ರಯಾಣದ ಖರ್ಚೆಷ್ಟು ಎಂದು ಬರೆದರೆ, ಖರ್ಚು ಏರಿದಂತೆ ಭೇಟಿ ಇಳಿಯುವ ರೇಖೆ ಸಿಗುತ್ತದೆ. ಆ ರೇಖೆಯ ಕೆಳಗಿನ, ನಿಜವಾದ ಖರ್ಚಿನ ಮೇಲಿನ ಭಾಗವೇ ಉದ್ಯಾನ ಕೊಡುವ ಲಾಭ. ಸಮಯಕ್ಕೂ ಬೆಲೆ ಇದೆ. ಗಂಟೆಯ ಕೂಲಿಯ ಮೂರನೇ ಒಂದು ಭಾಗ ಹಿಡಿಯುವುದು ರೂಢಿ. ಒಂದೇ ಪ್ರವಾಸದಲ್ಲಿ ನಾಲ್ಕು ಜಾಗ ನೋಡಿದವರ ಪೂರ್ತಿ ಖರ್ಚನ್ನು ಒಂದು ಉದ್ಯಾನಕ್ಕೆ ಬರೆಯುವುದು ಇಲ್ಲಿನ ಮಾಮೂಲು ತಪ್ಪು.

ಪ್ರಶ್ನೆ: ಮೌಲ್ಯ ಗೊತ್ತಾಯಿತು ಎನ್ನಿ. ಕಾಡು ಉಳಿಸಿಕೊಂಡ ರೈತನಿಗೆ ಹಣ ಕೊಡುವವರು ಯಾರು, ಎಷ್ಟು?

ಉತ್ತರ: ಮೌಲ್ಯದಷ್ಟೇ ಹಣ ಕೊಡಬೇಕಿಲ್ಲ. ಕಾಡು ಉಳಿಸಿದ್ದರಿಂದ ರೈತ ಕಳೆದುಕೊಳ್ಳುವ ಆದಾಯ ಕೆಳಗಿನ ಮಿತಿ. ಕೆಳಹರಿವಿನವರಿಗೆ ಆಗುವ ಲಾಭ ಮೇಲಿನ ಮಿತಿ. ಒಪ್ಪಂದ ಇವೆರಡರ ನಡುವೆ ಎಲ್ಲೋ ಆಗುತ್ತದೆ. ಕೆಳಗಿನ ಮಿತಿಯೇ ಮೇಲಿನದಕ್ಕಿಂತ ದೊಡ್ಡದಾದರೆ ಇಂಥ ಪಾವತಿಯಿಂದ ಆ ಕಾಡು ಉಳಿಯದು, ಬೇರೆ ಕಾನೂನು ಬೇಕು.

ನ್ಯೂಯಾರ್ಕ್ ನಗರದ ನೀರಿನ ಸುಮಾರು ಶೇ 90 ಪಾಲು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳಿಂದ ಬರುತ್ತದೆ. ಸೋಸುವ ಸ್ಥಾವರ ಕಟ್ಟಲು 600ರಿಂದ 800 ಕೋಟಿ ಡಾಲರ್ ಬೇಕೆಂಬ ಅಂದಾಜಿದ್ದಾಗ, ನಗರ 1997ರಲ್ಲಿ ಮೇಲ್ಗಡೆಯ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡು ಅದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಭೂಮಿ ಕೊಂಡಿತು, ಕೊಳಚೆ ಸಂಸ್ಕರಣೆ ಸುಧಾರಿಸಿತು, ರೈತರಿಗೆ ನೆರವು ಕೊಟ್ಟಿತು. ಮೊದಲ ಉತ್ತರದಲ್ಲಿ ತೊಟ್ಟಿಯ ಬಗ್ಗೆ ಹೇಳಿದ ಮೂರನೇ ಷರತ್ತು, ಅಂದರೆ ಪರ್ಯಾಯಕ್ಕೆ ನಿಜಕ್ಕೂ ಖರ್ಚು ಮಾಡುತ್ತಿದ್ದರು ಎಂಬುದು, ಇಲ್ಲಿ ತಾನೇ ಪೂರೈಸಿತ್ತು, ಏಕೆಂದರೆ ನೀರಿನ ಗುಣಮಟ್ಟ ಕಾಯ್ದುಕೊಳ್ಳದಿದ್ದರೆ ಕಾನೂನು ಸ್ಥಾವರವನ್ನು ಕಟ್ಟಿಸಿಯೇ ಬಿಡುತ್ತಿತ್ತು. ಕೋಸ್ಟರಿಕದ್ದು ಇನ್ನೊಂದು ದಾರಿ. 1996ರ ಅರಣ್ಯ ಕಾನೂನಿನಡಿ ಇಂಗಾಲ, ನೀರು, ಜೀವವೈವಿಧ್ಯ, ಭೂದೃಶ್ಯದ ಸೊಬಗು ಎಂಬ ನಾಲ್ಕು ಸೇವೆಗಳನ್ನು ಗುರುತಿಸಿ, ಇಂಧನ ತೆರಿಗೆಯ ಒಂದು ಪಾಲಿನಿಂದ ಭೂಮಾಲೀಕರಿಗೆ ಪಾವತಿ ಶುರುಮಾಡಿತು.

ಇಂಥ ಯೋಜನೆ ಸೋಲುವುದು ಹೆಚ್ಚಾಗಿ ಜಾಗದ ಆಯ್ಕೆಯಲ್ಲಿ. ಕಡಿದಾದ, ರಸ್ತೆಯಿಲ್ಲದ, ಯಾರೂ ಕಡಿಯಲು ಹೋಗದ ಕಾಡಿನ ಮಾಲೀಕರೇ ಮೊದಲು ಅರ್ಜಿ ಹಾಕುತ್ತಾರೆ, ಅವರಿಗೆ ನಷ್ಟವೇ ಇಲ್ಲವಲ್ಲ. ಹಣ ಖರ್ಚಾಗುತ್ತದೆ, ಒಂದು ಮರವೂ ಹೆಚ್ಚಿಗೆ ಉಳಿಯುವುದಿಲ್ಲ. ರಸ್ತೆಯ ಹತ್ತಿರದ, ಸಮತಟ್ಟಾದ, ಉಳುಮೆಯ ಅಂಚಿನ ತುಂಡುಗಳಿಗೆ ಆದ್ಯತೆಯನ್ನೂ ಹೆಚ್ಚಿನ ದರವನ್ನೂ ಇಡಿ. ಇಲ್ಲಿ ನಿಲ್ಲಿಸಿದ ಕೊಡಲಿ ಪಕ್ಕದ ಕಣಿವೆಗೆ ಹೋಯಿತೇ ಎಂದೂ ಅಳೆಯಿರಿ. ಪೂರ್ತಿ ಹಣ ಮೊದಲೇ ಕೊಡದೆ, ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಕೊಡಿ.

ಪ್ರಶ್ನೆ: ಕಾಡು ಕಡಿದರೆ ಜಿಡಿಪಿ ಏರುತ್ತದೆಯಂತೆ. ನಿಜವೇ? ಇದನ್ನು ಸರಿಪಡಿಸಲು ಬರುವುದಿಲ್ಲವೇ?

ಉತ್ತರ: ನಿಜ. ಮಾರಿದ ಮರ ಆದಾಯವಾಗಿ ದಾಖಲಾಗುತ್ತದೆ, ಕರಗಿದ ಕಾಡು ಎಲ್ಲೂ ಕಳೆಯಾಗುವುದಿಲ್ಲ. ಕಾರ್ಖಾನೆಯ ಯಂತ್ರ ಸವೆದರೆ ಸವಕಳಿ ಎಂದು ಬರೆಯುವ ಲೆಕ್ಕಿಗರು ಮಣ್ಣು ಸವೆದರೆ ಬರೆಯುತ್ತಿರಲಿಲ್ಲ. 1971ರಿಂದ 1984ರವರೆಗಿನ ಇಂಡೋನೇಷ್ಯಾದ ಜಿಡಿಪಿ ವಾರ್ಷಿಕ ಶೇ 7.1ರಂತೆ ಬೆಳೆದಿತ್ತು; ತೈಲ, ಕಾಡು, ಮಣ್ಣಿನ ಸವಕಳಿ ಕಳೆದು ನೋಡಿದ 1989ರ ಅಧ್ಯಯನದಲ್ಲಿ ಬೆಳವಣಿಗೆ ಶೇ 4ಕ್ಕೆ ಇಳಿಯಿತು.

ಈಗ ಕ್ರಮಬದ್ಧ ದಾರಿಯಿದೆ. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2012ರಲ್ಲಿ ಪರಿಸರ-ಆರ್ಥಿಕ ಲೆಕ್ಕಪದ್ಧತಿಯ ಮೂಲ ಚೌಕಟ್ಟನ್ನೂ 2021ರ ಮಾರ್ಚ್‌ನಲ್ಲಿ ಪರಿಸರ ವ್ಯವಸ್ಥೆಗಳ ಲೆಕ್ಕದ ಚೌಕಟ್ಟನ್ನೂ ಅಂಗೀಕರಿಸಿತು. ಪ್ರತಿ ಸಂಪನ್ಮೂಲಕ್ಕೂ ಆರಂಭದ ದಾಸ್ತಾನು, ಬೆಳೆದದ್ದು, ತೆಗೆದದ್ದು, ನಾಶವಾದದ್ದು, ಕೊನೆಯ ದಾಸ್ತಾನು ಎಂದು ಬರೆಯುತ್ತಾರೆ. ಜೊತೆಗೆ ವಿಸ್ತೀರ್ಣ ಮತ್ತು ಸ್ಥಿತಿ ಎರಡನ್ನೂ ದಾಖಲಿಸುತ್ತಾರೆ. ಸ್ಥಿತಿಯ ದಾಖಲೆ ಬಹಳ ಮುಖ್ಯ. ಕೆನಡಾದ ನ್ಯೂಫೌಂಡ್‌ಲೆಂಡ್ ತೀರದಲ್ಲಿ ಕಾಡ್ (cod) ಎಂಬ ಸಮುದ್ರ ಮೀನಿನ ಮೀನುಗಾರಿಕೆ 1992ರ ಜುಲೈನಲ್ಲಿ ಮುಚ್ಚುವವರೆಗೂ ಹಿಡಿದ ಮೀನು ಆದಾಯವಾಗಿಯೇ ಬರುತ್ತಿತ್ತು. ಕುಸಿಯುತ್ತಿದ್ದ ಮೀನಿನ ಸಂತತಿ ಜಿಡಿಪಿಯ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಮುಚ್ಚಿದಾಗ ಸುಮಾರು 30,000 ಜನರ ಕೆಲಸ ಹೋಯಿತು. ಇಂಥ ಹಂತ ದಾಟಿದರೆ ಹಿಂದಿರುಗಿ ಬರುವುದು ಕಷ್ಟವಿರುವ ಕಡೆ ಘಟಕಗಳ ಲೆಕ್ಕಕ್ಕೆ ಮೊದಲೇ ಕನಿಷ್ಠ ದಾಸ್ತಾನಿನ ಗೆರೆ ಎಳೆದು, ಅದಕ್ಕಿಂತ ಕೆಳಗಿಳಿಯುವ ಯಾವ ಯೋಜನೆಗೂ ಹೋಲಿಕೆಯ ಪಟ್ಟಿಯಲ್ಲಿ ಜಾಗ ಕೊಡಬಾರದು.

ವಿಶ್ವಸಂಸ್ಥೆಯ ಈ ಪರಿಸರ ಲೆಕ್ಕಪದ್ಧತಿ ಬಳಸುವಾಗ ಒಂದು ಎಚ್ಚರ. ಇದರಲ್ಲಿ ಕಾಣುವುದು ವಿನಿಮಯ ಮೌಲ್ಯ, ಅಂದರೆ ಸೇವೆ ಮಾರಾಟವಾಗಿದ್ದರೆ ಸಿಗುತ್ತಿದ್ದ ಬೆಲೆ. ಮೇಲಿನ ಸಮೀಕ್ಷೆ ಮತ್ತು ಪ್ರಯಾಣ ಖರ್ಚಿನ ವಿಧಾನಗಳು, ಜನ ಕೊಟ್ಟ ಬೆಲೆಗಿಂತ ಹೆಚ್ಚಾಗಿ ಅವರಿಗೆ ದಕ್ಕುವ ಲಾಭವನ್ನೂ ಅಳೆಯುತ್ತವೆ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಬೇಡಿ. ಬೇರೆ ಬೇರೆ ಕಾಲಮ್ಮಿನಲ್ಲಿಟ್ಟು, ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ವಿಧಾನ, ಯಾವ ವರ್ಷದ ಹಣ, ಯಾವ ದರ ಎಂದು ಬರೆಯಿರಿ.